ಗುಮಾಸ್ತನ ಬಲಗೈ



ಕಾರ್ಯದರ್ಶಿಗಳು ಫೋನ್ ಮಾಡಿ, "ಈ ಸಲದ ಆಶಯ ಭಾಷಣ ಕಂಪ್ಯೂಟರ್ ಬಳಕೆ ಮತ್ತು ದೇಹಾರೋಗ್ಯದ ಬಗ್ಗೆ, ನೀವೇ ಮಾತಾಡಬೇಕು ಸರ್" ಅಂದಾಗ ನನಗೆ ನಗು ಬಂತು. ಈ ಸಭಾಂಗಣದಲ್ಲಿ ಕಣ್ಣು ಮುಚ್ಚಿ ಒಂದು ಕಲ್ಲೆಸೆದರೆ ಅದು ಒಬ್ಬ ಡಾಕ್ಟರಿಗೆ ಬೀಳುತ್ತದೆ, ತಪ್ಪಿದರೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರಿಗೆ ಬೀಳುತ್ತದೆ. ವಿಷಯದ ಎರಡು ಅರ್ಧಗಳೂ ನಿಮ್ಮವೇ. ನಾನು ಮಧ್ಯೆ ಬಂದವನು, ಚಾರ್ಟರ್ಡ್ ಅಕೌಂಟೆಂಟ್. ನನಗೆ ತಿಳಿದಿರುವುದು ಒಂದೇ ವಿದ್ಯೆ: ಬಾಕಿ ಹೊಂದದಿದ್ದರೆ ಹಳೆಯ ಪುಸ್ತಕಗಳನ್ನು ತೆಗೆದು, ತಪ್ಪು ಯಾವ ವರ್ಷದಿಂದ ಹೊತ್ತುಕೊಂಡು ಬಂದಿದೆ ಎಂದು ಹಿಂದಕ್ಕೆ ಹೋಗಿ ನೋಡುವುದು. ಇವತ್ತು ಅದನ್ನೇ ಮಾಡುತ್ತೇನೆ. ವ್ಯಾಯಾಮ ಹೇಳಿಕೊಡುವುದಿಲ್ಲ, ಭಯಪಡಬೇಡಿ.

ಹಿಂದಕ್ಕೆ ಹೋಗುವ ಮೊದಲು ಈ ಬಾಕಿ ನನ್ನ ಪುಸ್ತಕಕ್ಕೆ ಹೇಗೆ ಬಂತು ಎಂದು ಹೇಳಿಬಿಡಬೇಕು. ಈ ದೇಶದಲ್ಲಿ ಜನವರಿ 31 ನಮ್ಮ ಕಸುಬಿನವರಿಗೆ ಪರೀಕ್ಷೆಯ ದಿನ. ಅಂದು ಮಧ್ಯರಾತ್ರಿಯೊಳಗೆ ಎಲ್ಲ ಕಕ್ಷಿದಾರರ ಸೆಲ್ಫ್ ಅಸೆಸ್‌ಮೆಂಟ್ ರಿಟರ್ನು ಹೋಗಿರಬೇಕು. ಕೆಲವು ವರ್ಷಗಳ ಹಿಂದೆ, ಅಂಥದೊಂದು ಜನವರಿಯ ಎರಡನೇ ವಾರ, ನಮ್ಮ ಸಣ್ಣ ಆಫೀಸಿನಲ್ಲಿ ಟ್ರೈನಿಯಾಗಿದ್ದ ಹುಡುಗಿ ನನ್ನ ಬಾಗಿಲಲ್ಲಿ ನಿಂತು, ಬಲ ಮಣಿಕಟ್ಟು ನೋಯುತ್ತಿದೆ, ಬೆರಳು ಜೋಮು ಹಿಡಿಯುತ್ತಿದೆ ಎಂದಳು. ನಾಲ್ಕಾರು ಮನೆ ಬಾಡಿಗೆಗೆ ಕೊಟ್ಟಿದ್ದ ಒಬ್ಬ ಕಕ್ಷಿದಾರ ರಸೀತಿಗಳನ್ನು ಚೀಲದಲ್ಲಿ ತುಂಬಿ ತಂದು ಸುರಿದಿದ್ದ. ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದವಳು ಅವಳು. ನಾನು ಪರದೆಯಿಂದ ಪೂರ್ತಿ ತಲೆಯೆತ್ತದೆ, "31 ಕಳೆಯಲಿ, ಆಮೇಲೆ ನೋಡೋಣ" ಅಂದೆ. ಮನಸ್ಸಿನಲ್ಲಿ ಅಂದುಕೊಂಡಿದ್ದು ಇನ್ನೂ ಕೆಟ್ಟದ್ದು: ಈ ಕಾಲದ ಹುಡುಗರಿಗೆ ತಾಳ್ಮೆ ಇಲ್ಲ, ಸ್ವಲ್ಪ ಒತ್ತಡ ಬಿದ್ದರೆ ಮೈಯೆಲ್ಲ ನೋವು. 31 ಕಳೆಯಿತು. ನಾನು ನೋಡಲಿಲ್ಲ. ಮಾರ್ಚಿನಲ್ಲಿ ಅವಳು ಡಾಕ್ಟರ ಚೀಟಿ ತಂದಳು, ಬೇಸಿಗೆಯಲ್ಲಿ ಕೆಲಸ ಬಿಟ್ಟಳು.

ಎರಡು ವರ್ಷದ ನಂತರ ನನ್ನ ಬಲಗೈ ಹಿಡಿದುಕೊಂಡಿತು. ನಾನು ಜಾಣತನ ಮಾಡಿ ಮೌಸನ್ನು ಎಡಗೈಗೆ ಬದಲಾಯಿಸಿಕೊಂಡೆ. ಒಂದು ತಿಂಗಳು ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ನಾಲ್ಕನೇ ತಿಂಗಳಿಗೆ ಎಡಗೈಯೂ ನೋಯತೊಡಗಿತು. ಫಿಸಿಯೋ ಹತ್ತಿರ ಸರದಿಗಾಗಿ ಕಾಯುತ್ತಿದ್ದ ವಾರಗಳಲ್ಲಿ, ಟೈಪು ಮಾಡಲಾಗದ್ದರಿಂದ ಓದುವುದಕ್ಕೆ ಸಮಯ ಸಿಕ್ಕಿತು. ಆಗ ಸಿಕ್ಕವರು ಬರ್ನಾರ್ಡಿನೋ ರಾಮತ್ಸೀನಿ.

ರಾಮತ್ಸೀನಿ ಇಟಲಿಯ ವೈದ್ಯರು, 1633ರಲ್ಲಿ ಕಾರ್ಪಿ ಎಂಬ ಊರಿನಲ್ಲಿ ಹುಟ್ಟಿದವರು. ಮೊದಲು ಮೊಡೆನಾದಲ್ಲಿ, ಆಮೇಲೆ ಪಾಡುವಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮೊಡೆನಾದ ಅವರ ಮನೆಯ ಮಲಗುಂಡಿ ತೋಡಲು ಬಂದಿದ್ದ ಒಬ್ಬ ಕೆಲಸಗಾರ ಉಸಿರುಗಟ್ಟಿ ಅವಸರ ಅವಸರವಾಗಿ ಕೆಲಸ ಮಾಡುತ್ತಿದ್ದನಂತೆ. ಯಾಕಪ್ಪಾ ಇಷ್ಟು ಅವಸರ ಎಂದು ಕೇಳಿದರೆ, ಇದರೊಳಗೆ ಹೆಚ್ಚು ಹೊತ್ತು ಇದ್ದರೆ ಕಣ್ಣು ಹೋಗುತ್ತದೆ ಎಂದ. ನಮ್ಮಲ್ಲಿ ಎಷ್ಟು ಜನ ಅಷ್ಟು ಕೇಳಿ ಸುಮ್ಮನಾಗುತ್ತಿದ್ದೆವೋ! ಇವರು ಸುಮ್ಮನಾಗಲಿಲ್ಲ. ಊರಿನ ಕುಂಬಾರರು, ಅಗಸರು, ಗಾಜು ಮಾಡುವವರು, ಸೂಲಗಿತ್ತಿಯರು, ಹೆಣ ಹೂಳುವವರು, ಒಬ್ಬೊಬ್ಬರ ಕೆಲಸದ ಜಾಗಕ್ಕೂ ಹೋಗಿ ನಿಂತು ನೋಡಿದರು. 1700ರಲ್ಲಿ 'ಕಸುಬುದಾರರ ರೋಗಗಳು' ಎಂಬ ಅರ್ಥದ ಲ್ಯಾಟಿನ್ ಪುಸ್ತಕ ಬಂತು. ರೋಗಿಯ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಎಂದು ಹಿಪ್ಪೊಕ್ರಟಿಸ್ ಹೇಳಿದ್ದ ಪಟ್ಟಿಗೆ ಅವರು ಇನ್ನೊಂದನ್ನು ಸೇರಿಸಿದರು: ನೀನು ಏನು ಕೆಲಸ ಮಾಡುತ್ತೀಯ? ಇವತ್ತು ಜಿ.ಪಿ. ಹತ್ತಿರ ಹೋದರೆ ಆ ಪ್ರಶ್ನೆ ಬರುತ್ತದಲ್ಲ, ಅದು ಪುಸ್ತಕದಲ್ಲಿ ಹೀಗೆ ಬಂದದ್ದು.

ಕೂತು ಕೆಲಸ ಮಾಡುವವರ ಬಗ್ಗೆ ಅದರಲ್ಲಿ ಒಂದು ಅಧ್ಯಾಯವಿದೆ, ಮುಖ್ಯವಾಗಿ ದರ್ಜಿಗಳು ಮತ್ತು ಮೋಚಿಗಳದ್ದು. ಹಬ್ಬದ ಮೆರವಣಿಗೆಯಲ್ಲಿ ಅವರೆಲ್ಲ ಬೆನ್ನು ಬಾಗಿಸಿಕೊಂಡು, ಒಂದೊಂದು ಪಕ್ಕಕ್ಕೆ ವಾಲಿಕೊಂಡು ನಡೆದುಬರುವುದನ್ನು ನೋಡಿದರೆ ನಗು ಬರುತ್ತದೆ ಎಂದು ಸ್ವಲ್ಪ ನಿರ್ದಯವಾಗಿಯೇ ಬರೆದಿದ್ದಾರೆ. ಕೊನೇಪಕ್ಷ ರಜೆಯ ದಿನವಾದರೂ ಮೈ ಆಡಿಸಿ ಎನ್ನುವುದು ಅವರ ಸಲಹೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 1713ರ ಎರಡನೇ ಆವೃತ್ತಿ. ಅಷ್ಟರಲ್ಲಿ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಹಿಂದೆ ಬಿಟ್ಟುಹೋಗಿದ್ದ ಇನ್ನೊಂದು ಹನ್ನೆರಡು ಕಸುಬುಗಳನ್ನು ಅನುಬಂಧವಾಗಿ ಸೇರಿಸಿದರು. ಅದರಲ್ಲಿ ಒಂದು ಗುಮಾಸ್ತರು ಮತ್ತು ನೋಟರಿಗಳದ್ದು, ಅಂದರೆ ನಮ್ಮದು.

ಬರೆಯುವವರ ರೋಗಕ್ಕೆ ಅವರು ಮೂರು ಕಾರಣ ಕೊಡುತ್ತಾರೆ. ಎಡೆಬಿಡದೆ ಕೂತಿರುವುದು ಮೊದಲನೆಯದು. ಕೈಯನ್ನು ಒಂದೇ ದಿಕ್ಕಿನಲ್ಲಿ, ಒಂದೇ ರೀತಿಯಲ್ಲಿ ನಿಲ್ಲಿಸದೆ ಆಡಿಸುವುದು ಎರಡನೆಯದು. ಮೂರನೆಯದು ಮನಸ್ಸಿನ ಬಿಗಿ. ಕೂಡುವಾಗ, ಕಳೆಯುವಾಗ ಎಲ್ಲಿ ತಪ್ಪಾಗುತ್ತದೋ, ಪುಸ್ತಕ ಎಲ್ಲಿ ಕೆಡುತ್ತದೋ, ಯಜಮಾನನಿಗೆ ಎಲ್ಲಿ ನಷ್ಟವಾಗುತ್ತದೋ ಎಂಬ ಭಯ. ಮುನ್ನೂರು ವರ್ಷದ ಹಿಂದೆ ಒಬ್ಬ ವೈದ್ಯ ಲೆಕ್ಕ ಬರೆಯುವವನ ಎದೆಯೊಳಗಿನ ಪುಕುಪುಕು ಹಿಡಿದುಬಿಟ್ಟಿದ್ದರು. ಅದಾದ ಮೇಲೆ ಅವರು ತಮಗೆ ಪರಿಚಯವಿದ್ದ ಒಬ್ಬ ನೋಟರಿಯ ಕಥೆ ಹೇಳುತ್ತಾರೆ. ಜೀವನವೆಲ್ಲ ಬರೆದು ಬರೆದು ಒಳ್ಳೆಯ ದುಡ್ಡು ಮಾಡಿದ ಮನುಷ್ಯ. ಬಲತೋಳಿನಲ್ಲಿ ಸುಸ್ತು ಶುರುವಾಯಿತು, ಯಾವ ಔಷಧಕ್ಕೂ ಬಗ್ಗಲಿಲ್ಲ, ಕೊನೆಗೆ ಕೈ ಬಿದ್ದೇ ಹೋಯಿತು. ಆತ ಛಲ ಹಿಡಿದು ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ದಿನದಲ್ಲಿ ಎಡಗೈಗೂ ಅದೇ ಗತಿಯಾಯಿತು.

ಆ ಸಾಲುಗಳನ್ನು ಓದುವಾಗ ನನ್ನ ಎರಡೂ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು.

ಇದು ಯುರೋಪಿನವರದ್ದೇ ಪಾಡು ಎಂದುಕೊಳ್ಳಬೇಡಿ. ನಮ್ಮ ಓಲೆಗರಿ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಬೆನ್ನು, ಸೊಂಟ, ಕತ್ತು, ಕಣ್ಣುಗಳ ಅವಸ್ಥೆ ಹೇಳಿಕೊಂಡು, ಇಷ್ಟು ಕಷ್ಟಪಟ್ಟು ಬರೆದದ್ದನ್ನು ಜೋಪಾನ ಮಾಡಿ ಎಂದು ಬೇಡುವ ಶ್ಲೋಕವೊಂದು ಮತ್ತೆ ಮತ್ತೆ ಕಾಣಿಸುತ್ತದೆ. ಯಾರು ಮೊದಲು ಬರೆದರೋ, ಪ್ರತಿ ಮಾಡಿದವರೆಲ್ಲ ಅದನ್ನೂ ಪ್ರತಿ ಮಾಡಿದರು. ನೋವು ಎಲ್ಲರದ್ದೂ ಅದೇ ಆಗಿತ್ತಲ್ಲ.

ನನ್ನ ಮುತ್ತಜ್ಜ ತಿಪಟೂರಿನ ಕಡೆ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದರು. ಅಟ್ಟದ ಮೇಲೆ ಒಂದು ಕಡತವಿತ್ತು. ಇವತ್ತು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಮೂಲದ ಕಡತ ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬೆಳ್ಳಗಿನ ಅಕ್ಷರ. ನಾನು ಕಂಡ ಮೊದಲ ಕಂಪ್ಯೂಟರ್ ಪರದೆಯೂ ಹಾಗೇ ಇದ್ದದ್ದು ನೆನಪಾಗಿ ಒಮ್ಮೊಮ್ಮೆ ನಗು ಬರುತ್ತದೆ. ಶಾನುಭೋಗರೂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಬರೆದವರೇ. ಆದರೆ ಪಹಣಿ ಬರೆಯಬೇಕೆಂದರೆ ಯಾವ ಹೊಲದಲ್ಲಿ ಯಾವ ಬೆಳೆ ಎಂದು ಹೋಗಿ ನೋಡಬೇಕಿತ್ತು. ಜಮಾಬಂದಿ ಬಂದರೆ ಲೆಕ್ಕ ಹೊತ್ತುಕೊಂಡು ಅಲೆಯಬೇಕಿತ್ತು. ಕೂರುವ ಕೆಲಸದೊಳಗೇ ನಡೆಯುವ ಕೆಲಸವೂ ಸೇರಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಮತ್ಸೀನಿಯ ನಂತರದ ನೂರು ವರ್ಷವನ್ನು ಬೇಗ ದಾಟಿಬಿಡೋಣ. 19ನೇ ಶತಮಾನದಲ್ಲಿ ಬ್ರಿಟನ್ನಿಗೆ ಗುಮಾಸ್ತರ ದೊಡ್ಡ ಪಡೆಯೇ ಬೇಕಾಯಿತು. ಬ್ಯಾಂಕು, ವಿಮೆ, ರೈಲ್ವೆ, ಸಾಮ್ರಾಜ್ಯ, ಎಲ್ಲಕ್ಕೂ ಕಾಗದ ಬೇಕು. ಹಕ್ಕಿಗರಿಯ ಲೇಖನಿ ಹೋಗಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಿಂದ ಉಕ್ಕಿನ ನಿಬ್ಬು ಬಂತು. ಅದರ ಜೊತೆಗೇ ಬರಹಗಾರರ ಕೈಸೆಳೆತದ ಸುದ್ದಿಯೂ ಹೆಚ್ಚಾಯಿತು. ತಪ್ಪು ಉಕ್ಕಿನ ನಿಬ್ಬಿನದ್ದೇ ಎಂದು ಹಲವರು ಹೇಳಿದರು. ಗರಿಯ ಲೇಖನಿಯನ್ನು ಆಗಾಗ ಚೂಪು ಮಾಡಬೇಕು, ಅಷ್ಟು ಹೊತ್ತು ಕೈಗೆ ಬೇರೆ ಕೆಲಸ ಸಿಗುತ್ತದೆ. ಉಕ್ಕಿನ ನಿಬ್ಬಿಗೆ ಆ ರಗಳೆ ಇಲ್ಲ, ಬರೆಯುತ್ತಲೇ ಇರಬಹುದು. ಹೆಚ್ಚು ಅನುಕೂಲದ ಉಪಕರಣ ಬಂದಾಗಲೆಲ್ಲ ಒಂದು ಸಣ್ಣ ವಿರಾಮ ಕಳೆದುಹೋಗುತ್ತದೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಇಲ್ಲಿ.

ಟೆಲಿಗ್ರಾಫ್ ಬಂದ ಮೇಲೆ ಅನುಮಾನ ಬಲವಾಯಿತು. ಮೋರ್ಸ್ ಕೀಲಿಯನ್ನು ದಿನಕ್ಕೆ ಸಾವಿರಾರು ಸಲ ಒತ್ತಿ ಬಿಡಬೇಕು, ಅದೂ ಎಣಿಸಿದಂತೆ ತಾಳಬದ್ಧವಾಗಿ. 1875ರಲ್ಲಿ ಒನಿಮುಸ್ ಎಂಬ ಫ್ರೆಂಚ್ ವೈದ್ಯರು ತಂತಿ ನೌಕರರ ಕೈಸೆಳೆತವನ್ನು ಬರೆದಿಟ್ಟರು. ಅಮೆರಿಕದ ತಂತಿ ನೌಕರರು ಅದನ್ನು 'ಗಾಜಿನ ತೋಳು' ಎಂದು ಕರೆದರು. ಅಲ್ಲಿ 1904ರಲ್ಲಿ ಹೊರೇಸ್ ಮಾರ್ಟಿನ್ ಎಂಬಾತ ಮೇಲೆ ಕೆಳಗೆ ಒತ್ತುವ ಬದಲು ಪಕ್ಕಕ್ಕೆ ತಳ್ಳುವ, ಚುಕ್ಕೆಗಳನ್ನು ತಾನೇ ಹೊಡೆಯುವ ಕೀಲಿಗೆ ಪೇಟೆಂಟ್ ಪಡೆದ. ವೈಬ್ರೋಪ್ಲೆಕ್ಸ್ ಎಂಬ ಹೆಸರಿನಲ್ಲಿ ಅದು ಚೆನ್ನಾಗಿ ಮಾರಾಟವಾಯಿತು. ನನ್ನ ಮೇಜಿನ ಮೇಲೆ ಈಗ ನಿಂತಿರುವ, ಹಸ್ತಲಾಘವಕ್ಕೆ ಚಾಚಿದಂತಿರುವ ದುಬಾರಿ ಮೌಸು ಅದರ ಮೊಮ್ಮಗ.

ಬ್ರಿಟನ್ನಿನಲ್ಲಿ 1870ರಿಂದ ಟೆಲಿಗ್ರಾಫ್ ಅಂಚೆ ಇಲಾಖೆಯದ್ದು. 1908ರಲ್ಲಿ ತಂತಿ ನೌಕರರ ಕೈಸೆಳೆತವನ್ನು ಪರಿಹಾರ ಕೊಡಬೇಕಾದ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿದರು. ಸೇರಿಸಿದ್ದೇ ತಡ, ದೂರುಗಳು ಏರಿದವು. ಸರ್ಕಾರ ಸಮಿತಿ ಮಾಡಿತು, 1911ರಲ್ಲಿ ವರದಿ ಬಂತು. ಕೆಲಸದ ಆಯಾಸ ಒಂದು ಕಾರಣ, ನೌಕರನ ನರಗಳ ದೌರ್ಬಲ್ಯ ಇನ್ನೊಂದು ಎಂಬುದು ಅದರ ತೀರ್ಮಾನ. ಬಿಡಿಸಿ ಹೇಳಿದರೆ, ಗಟ್ಟಿ ಮನುಷ್ಯನಾಗಿದ್ದರೆ ಇದು ಬರುತ್ತಿರಲಿಲ್ಲ. ರಾಮತ್ಸೀನಿ ಹೇಳಿದ ಮೂರನೇ ಕಾರಣವನ್ನು, ಕೆಲಸವೇ ಹುಟ್ಟಿಸುವ ಭಯವನ್ನು, ಸಮಿತಿ ಕೆಲಸದಿಂದ ಎತ್ತಿ ಕೆಲಸಗಾರನ ಜಾತಕಕ್ಕೆ ಹಾಕಿತು. ನಾನು ಆ ಜನವರಿಯಲ್ಲಿ ಮಾಡಿದ್ದೂ ಅದನ್ನೇ. ಸಮಿತಿಗೆ ತುಂಬ ಕಾಲ ಬೇಕಾಯಿತು, ನನಗೆ ಮೂರು ಸೆಕೆಂಡು.

ಇಲ್ಲಿಯವರೆಗೆ ಕೈಯ ಮಾತಾಯಿತು. ಕಾಲಿನ ಮಾತು ಬರುವುದು ಎರಡನೇ ಮಹಾಯುದ್ಧದ ನಂತರ, ಅದೂ ಲಂಡನ್ನಿನ ಕೆಂಪು ಡಬಲ್ ಡೆಕರ್ ಬಸ್ಸಿನಲ್ಲಿ.

ಜೆರ್ರಿ ಮಾರಿಸ್ 1910ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ಬಡತನದಲ್ಲಿ ಬೆಳೆದವರು. ಯುದ್ಧಕಾಲದಲ್ಲಿ ಭಾರತದಲ್ಲೂ ಸೇನಾ ವೈದ್ಯರಾಗಿದ್ದರು. 1940ರ ದಶಕದ ಕೊನೆಯ ಹೊತ್ತಿಗೆ ಹೃದಯಾಘಾತ ಈ ದೇಶದಲ್ಲಿ ಏಕೆ ಇಷ್ಟು ಏರುತ್ತಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಕಸುಬಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಮಾರಿಸ್ ಹುಡುಕಿದರು. ಲಂಡನ್ ಸಾರಿಗೆಯ ಸುಮಾರು 31,000 ನೌಕರರ ದಾಖಲೆ ಅವರ ಕೈಗೆ ಬಂತು. ಲೆಕ್ಕದವನಾಗಿ ಹೇಳುತ್ತೇನೆ, ಇದಕ್ಕಿಂತ ಚೆನ್ನಾದ ತಾಳೆ ನೋಡುವ ಅವಕಾಶ ಸಿಗುವುದು ಕಷ್ಟ. ಡ್ರೈವರು, ಕಂಡಕ್ಟರು ಇಬ್ಬರೂ ಒಂದೇ ಊರಿನವರು, ಒಂದೇ ಕಂಪನಿ, ಹೆಚ್ಚುಕಡಿಮೆ ಒಂದೇ ಸಂಬಳ, ಒಂದೇ ಕ್ಯಾಂಟೀನಿನ ಊಟ, ಒಂದೇ ಬಸ್ಸು. ಒಬ್ಬ ತನ್ನ ಪಾಳಿಯ ಬಹುಪಾಲು ಕೂತಿರುತ್ತಾನೆ. ಇನ್ನೊಬ್ಬ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಟಿಕೆಟ್ ಕೊಡುತ್ತಾನೆ. 1953ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತದೆ, ಬಂದಾಗ ಕೂಡಲೇ ಸಾಯುವವರೂ ಕಡಿಮೆ.

ಮಾರಿಸ್ ಬಸ್ಸಿನ ಅಂಕಿ ನೋಡಿದೊಡನೆ ಡಂಗುರ ಹೊಡೆಯಲಿಲ್ಲ. ಅಂಚೆ ಇಲಾಖೆಗೆ ಹೋದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮನ್‌ಗಳನ್ನು ಕೂತು ಕೆಲಸ ಮಾಡುವ ಟೆಲಿಫೋನ್ ಆಪರೇಟರುಗಳು ಮತ್ತು ಗುಮಾಸ್ತರ ಜೊತೆ ಹೋಲಿಸಿದರು. ಅಲ್ಲೂ ಅದೇ ಚಿತ್ರ ಬಂತು. ಆಮೇಲೂ ಅವರಿಗೆ ಒಂದು ಸಂಶಯ ಉಳಿಯಿತು: ಮೊದಲೇ ಮೈ ಬಂದವರು ಡ್ರೈವರ್ ಕೆಲಸಕ್ಕೆ ಸೇರುತ್ತಾರೇನೋ? ಹಾಗಾಗಿ ಸಮವಸ್ತ್ರ ಹೊಲಿಯುವ ಅಳತೆಪುಸ್ತಕ ತರಿಸಿದರು. 1956ರಲ್ಲಿ ಬಂದ ಆ ಲೇಖನದ ವಿಷಯ ಲಂಡನ್ ಬಸ್ ನೌಕರರ ಪ್ಯಾಂಟಿನ ಸೊಂಟದ ಸುತ್ತಳತೆ! ಡ್ರೈವರುಗಳ ಸೊಂಟ ಚಿಕ್ಕ ವಯಸ್ಸಿನಲ್ಲೇ ದಪ್ಪ ಎಂದು ಗೊತ್ತಾಯಿತು. ಅಂದರೆ ತಮ್ಮ ಸಿದ್ಧಾಂತಕ್ಕೆ ತಾವೇ ಒಂದು ತೂತು ಕೊರೆದು ತೋರಿಸಿದರು. ಆಡಿಟ್ ಮಾಡುವ ನಮ್ಮಂಥವರು ಇಂಥ ಮನುಷ್ಯನನ್ನು ನೋಡಿದರೆ ಕೈಮುಗಿಯಬೇಕು. ತೂತು ಮುಚ್ಚಲು ಅವರು ಇನ್ನೂ ವರ್ಷಗಟ್ಟಲೆ ದುಡಿದರು.

ಹಾಗೆ ದುಡಿದು ತಲುಪಿದ್ದು ನಮ್ಮ ಹತ್ತಿರಕ್ಕೆ, ಮೇಜಿನವರ ಹತ್ತಿರಕ್ಕೆ. 1960ರ ದಶಕದ ಕೊನೆಯಿಂದ ಸುಮಾರು 17,000 ಮಂದಿ ಮಧ್ಯವಯಸ್ಸಿನ ಸರ್ಕಾರಿ ಅಧಿಕಾರಿಗಳಿಗೆ, ಎಲ್ಲರೂ ಕೂತು ಕೆಲಸ ಮಾಡುವವರೇ, ಒಂದು ಸೋಮವಾರ ಬೆಳಿಗ್ಗೆ ಮುನ್ಸೂಚನೆ ಕೊಡದೆ ಹಾಳೆ ಕೊಟ್ಟರು. ಕಳೆದ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ, ಬರೆಯಿರಿ. ಮುಂಚೆ ಹೇಳಿದ್ದರೆ ಎಲ್ಲರೂ ಆ ಎರಡು ದಿನ ಪಾರ್ಕಿಗೆ ಓಡಿರುತ್ತಿದ್ದರು. 1973ರಲ್ಲಿ ಬಂದ ಉತ್ತರ ಇದು: ಬಿಡುವಿನ ವೇಳೆಯಲ್ಲಿ ಬೆವರು ಬರುವಂಥ ಕೆಲಸ ಮಾಡಿದವರಲ್ಲಿ, ಈಜು, ಚುರುಕು ನಡಿಗೆ, ತೋಟ ಅಗೆಯುವುದು ಇಂಥವು, ಹೃದ್ರೋಗ ಇತರರಿಗಿಂತ ತುಂಬ ಕಡಿಮೆ. ದಿನವಿಡೀ ಕೂರುವವನೂ ಕಂಡಕ್ಟರನ ಪಾಲನ್ನು ಸ್ವಲ್ಪಮಟ್ಟಿಗೆ ಸಂಪಾದಿಸಬಹುದು ಎಂದಾಯಿತು. ಮಾರಿಸ್ ತಾವೇ ಹ್ಯಾಂಪ್‌ಸ್ಟೆಡ್ ಹೀತ್ ಮೈದಾನದಲ್ಲಿ ಓಡುತ್ತಿದ್ದರು, ಆ ಕಾಲಕ್ಕೆ ಜನ ತಿರುಗಿ ನೋಡುತ್ತಿದ್ದರಂತೆ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಈಗ ಕಂಪ್ಯೂಟರಿಗೆ ಬರುತ್ತೇನೆ. ಇಷ್ಟು ತಡವಾಗಿ ಬಂದದ್ದಕ್ಕೆ ಕಾರಣವಿದೆ. ಕೂರುವುದು, ಕೈನೋವು, ಮನಸ್ಸಿನ ಬಿಗಿ, ಇವು ಯಾವುವನ್ನೂ ಕಂಪ್ಯೂಟರ್ ತರಲಿಲ್ಲ. ಅದು ಮಾಡಿದ ಕೆಲಸ ಬೇರೆ.

ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್‌ಗೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಫೀಸಿಗೆ ಟ್ಯಾಲಿ ಬಂದಿತ್ತು, ಆದರೆ ಕಕ್ಷಿದಾರರ ಲೆಕ್ಕ ಇನ್ನೂ ಅರ್ಧ ಕಾಗದದಲ್ಲಿತ್ತು. ಒಂದು ವೋಚರ್ ಸಿಗಲಿಲ್ಲವೆಂದರೆ ಎದ್ದು ಕೆಳಗಿನ ಮಹಡಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಮೊಣಕಾಲೂರಿ ಧೂಳಿನ ಕಟ್ಟು ಬಿಚ್ಚಬೇಕು. ಲೆಡ್ಜರು ಹೊತ್ತು ತರಬೇಕು, ಅದೇನು ಹಗುರವೇ! ಕ್ಯಾಷಿಯರ್ ಹತ್ತಿರ ಹೋಗಿ ನಿಂತು ವಿವರಣೆ ಕೇಳಬೇಕು. ವರ್ಷದ ಕೊನೆಯಲ್ಲಿ ಗೋದಾಮಿಗೆ ಹೋಗಿ ಏಣಿ ಹತ್ತಿ ಮೂಟೆ ಎಣಿಸಬೇಕು. ಹಾಳೆಯ ಮೇಲೆ ಒಂದು ಅಂಕಿ ಬದಲಾದರೆ ಕೆಳಗಿನ ಮೊತ್ತಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಿ ಮತ್ತೆ ಕೂಡಬೇಕು. ಮಧ್ಯೆ ಯಾರೋ "ಬಾರಪ್ಪಾ, ಒಂದು ಬೈ-ಟು ಕಾಫಿ" ಅಂದರೆ ರಸ್ತೆ ದಾಟಿ ಹೋಗಬೇಕು.

ಆ ರಬ್ಬರಿನ ಕೆಲಸವನ್ನು ಮುಗಿಸಲು ಹೊರಟವರು ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್. ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ, ಒಂದು ಅಂಕಿ ಬದಲಾದರೆ ಎಲ್ಲವೂ ತಾನಾಗಿ ಬದಲಾಗುವ ಹಾಳೆಯ ಕನಸು ಕಂಡರು. 1979ರಲ್ಲಿ ಆಪಲ್-2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಬಂತು, 1983ರಲ್ಲಿ ಲೋಟಸ್ 1-2-3, ಆಮೇಲೆ ಎಕ್ಸೆಲ್. ನಮ್ಮ ಕಸುಬಿಗೆ ಇವು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು, ನಾನಂತೂ ಅಲ್ಲ. ಆದರೆ ಎದ್ದು ಹೋಗಲು ಇದ್ದ ಕಾರಣಗಳು ಒಂದೊಂದಾಗಿ ಹೋದವು. ವೋಚರ್ ಸ್ಕ್ಯಾನ್ ಆಗಿ ಪರದೆಗೆ ಬಂತು. ಕ್ಯಾಷಿಯರ್ ಚಾಟ್ ಕಿಟಕಿಗೆ ಬಂದ. ಗೋದಾಮಿನ ಮೂಟೆಯ ಎಣಿಕೆಯೂ ಕೆಲವೊಮ್ಮೆ ವಿಡಿಯೋದಲ್ಲೇ ಆಗುತ್ತದೆ. ಲಂಡನ್ನಿನಲ್ಲಿ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳ ನಿತ್ಯಸಂಚಾರ 2005ರ ಡಿಸೆಂಬರಿನಲ್ಲಿ ನಿಂತಿತು, ಅದರೊಂದಿಗೆ ಮೆಟ್ಟಿಲು ಹತ್ತುವ ಕಂಡಕ್ಟರ್ ಹೋದ. ಆಫೀಸಿನಲ್ಲಿ ಅವನು ಅದಕ್ಕೂ ಮೊದಲೇ ಹೋಗಿದ್ದ. ಈಗ ಇರುವವರೆಲ್ಲ ಡ್ರೈವರುಗಳೇ. ನನ್ನ ಮುತ್ತಜ್ಜನ ಕೆಲಸದಲ್ಲಿ ಹೊಲ ಸುತ್ತುವುದು ಬೆಸೆದುಕೊಂಡಿತ್ತು ಎಂದೆನಲ್ಲ, ಆ ಬೆಸುಗೆ ಬಿಟ್ಟುಹೋದದ್ದು ನನ್ನ ವೃತ್ತಿಯ ಮೊದಲ ಹತ್ತು ವರ್ಷದಲ್ಲಿ, ನನ್ನ ಕಣ್ಣೆದುರಿಗೆ. ಆಗ ನನಗೆ ಬರೀ ಖುಷಿಯಾಗಿತ್ತು.

ಕೈಯ ಕಥೆ ಇಲ್ಲಿ ಇನ್ನೊಮ್ಮೆ ತಲೆಯೆತ್ತುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕೀಬೋರ್ಡ್ ನೌಕರರಲ್ಲಿ, ಹೆಚ್ಚಿನವರು ಹೆಂಗಸರು, ತೋಳು ಮತ್ತು ಮಣಿಕಟ್ಟಿನ ನೋವು ಸಾಂಕ್ರಾಮಿಕದಂತೆ ಹಬ್ಬಿತು. ಆರ್‌ಎಸ್‌ಐ ಎಂಬ ಮೂರಕ್ಷರ ಮನೆಮಾತಾಯಿತು. ಪತ್ರಿಕೆಗಳು 'ಕಾಂಗರೂ ಪಂಜ' ಎಂದು ಗೇಲಿ ಮಾಡಿದವು. ಇದು ಮನಸ್ಸಿನ ಕಾಯಿಲೆ, ಪರಿಹಾರದ ಆಸೆ ಎಂದು ಕೆಲವು ವೈದ್ಯರು ಬರೆದರು. ದಶಕದ ಮಧ್ಯದಲ್ಲಿ ತುದಿಮುಟ್ಟಿ, ಆಮೇಲೆ ಇಳಿಯಿತು. ಅಲ್ಲಿನ ಟೆಲಿಕಾಂ ಸಂಸ್ಥೆಯ ಅಂಕಿಗಳಲ್ಲಿ ಒಂದು ವಿಚಿತ್ರವಿತ್ತು. ಗಂಟೆಗೆ ಸಾವಿರಾರು ಕೀಲಿ ಒತ್ತುತ್ತಿದ್ದ ತಂತಿ ನೌಕರರಿಗಿಂತ ತೀರ ಕಡಿಮೆ ಒತ್ತುತ್ತಿದ್ದ ಟೆಲಿಫೋನ್ ಆಪರೇಟರುಗಳಲ್ಲೇ ದೂರು ಹೆಚ್ಚು. ಗೇಲಿ ಮಾಡಿದವರಿಗೆ ಇದು ಸಾಕ್ಷಿಯಾಗಿ ಕಂಡಿತು. ನನಗೆ ಕಂಡದ್ದು ರಾಮತ್ಸೀನಿಯ ಮೂರು ಕಾರಣ. ಕೀಲಿಯ ಎಣಿಕೆ ಎರಡನೇ ಕಾರಣವನ್ನು ಮಾತ್ರ ಅಳೆಯುತ್ತದೆ. ಅಲ್ಲಾಡದೆ ಕೂತಿರುವುದನ್ನೂ, ಮೇಲ್ವಿಚಾರಕರು ಹಿಂದೆ ನಿಂತಿರುವಾಗಿನ ಬಿಗಿಯನ್ನೂ ಅದು ಅಳೆಯುವುದಿಲ್ಲ. ಮನಸ್ಸು ಬಿಗಿಯಾದರೆ ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ಜನವರಿ ತಿಂಗಳಲ್ಲಿ ನಮ್ಮ ಆಫೀಸಿಗೆ ಬನ್ನಿ, ಸಾಲಾಗಿ ತೋರಿಸುತ್ತೇನೆ.

ಬ್ರಿಟನ್ನಿನಲ್ಲಿ 1993 ಒಂದು ತಮಾಷೆಯ ವರ್ಷ. ಆ ವರ್ಷ ಲಂಡನ್ನಿನಲ್ಲಿ ಪತ್ರಕರ್ತರೊಬ್ಬರ ದಾವೆಯ ತೀರ್ಪು ಕೊಡುತ್ತ ನ್ಯಾಯಾಧೀಶರು, ಆರ್‌ಎಸ್‌ಐ ಎಂಬುದಕ್ಕೆ ವೈದ್ಯಗ್ರಂಥಗಳಲ್ಲಿ ಜಾಗವೇ ಇಲ್ಲ ಎಂದರು. ಅದೇ ವರ್ಷದ ಜನವರಿ 1ರಿಂದ ಯುರೋಪಿನ ನಿರ್ದೇಶನದ ಮೇರೆಗೆ ಪರದೆ ಉಪಕರಣಗಳ ನಿಯಮಾವಳಿ ಜಾರಿಗೆ ಬಂದಿತ್ತು. ಮಾಲೀಕನಾದವನು ನೌಕರನ ಮೇಜು, ಕುರ್ಚಿ, ಪರದೆಯನ್ನು ಪರಿಶೀಲಿಸಬೇಕು, ಕೆಲಸದ ಮಧ್ಯೆ ವಿರಾಮ ಅಥವಾ ಬೇರೆ ಬಗೆಯ ಕೆಲಸ ಇರುವಂತೆ ಯೋಜಿಸಬೇಕು, ಕೇಳಿದರೆ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಎರಡು ಗಂಟೆಗೊಮ್ಮೆ 20 ನಿಮಿಷ ಬಿಡುವುದಕ್ಕಿಂತ ಗಂಟೆಗೊಮ್ಮೆ ಐದು ಹತ್ತು ನಿಮಿಷ ಎದ್ದೇಳುವುದು ಒಳ್ಳೆಯದು ಎಂದು ಸರ್ಕಾರದ ಮಾರ್ಗದರ್ಶಿ ಹೇಳುತ್ತದೆ. 1908ರ ಪಟ್ಟಿಯ ವಂಶವೂ ಅಳಿದಿಲ್ಲ. ಪದೇ ಪದೇ ಒಂದೇ ಚಲನೆಯಿಂದ ಬರುವ ಕೈಸೆಳೆತ ಎ4 ಎಂಬ ಹೆಸರಿನಲ್ಲಿ ಕಸುಬಿನ ರೋಗಗಳ ಪಟ್ಟಿಯಲ್ಲಿ ಇವತ್ತೂ ಇದೆ.

ನಿಯಮ ನನಗೆ ಗೊತ್ತಿತ್ತು. ಟ್ರೈನಿ ಸೇರಿದ ದಿನ ಅವಳ ಮೇಜಿನ ಪರಿಶೀಲನೆಯ ಫಾರ್ಮನ್ನು ನಾನೇ ತುಂಬಿದ್ದೆ. ಹನ್ನೆರಡೋ ಹದಿಮೂರೋ ಪ್ರಶ್ನೆ, ಎಲ್ಲಕ್ಕೂ ಟಿಕ್ಕು. ಅವಳ ಮೇಜಿನ ಹತ್ತಿರ ಹೋಗಿ ನೋಡಲಿಲ್ಲ. ನನ್ನ ಕುರ್ಚಿಯಲ್ಲೇ ಕೂತು ಟಿಕ್ ಹಾಕಿದೆ. ಕಕ್ಷಿದಾರನೊಬ್ಬ ಸರಕು ನೋಡದೆ ಹೀಗೆ ಟಿಕ್ ಹಾಕಿದ್ದರೆ ಅವನ ಲೆಕ್ಕಕ್ಕೆ ನಾನು ಸಹಿ ಹಾಕುತ್ತಿರಲಿಲ್ಲ.

ಕೋವಿಡ್ ನಂತರ ಲ್ಯಾಪ್‌ಟಾಪು ಊಟದ ಮೇಜಿಗೂ ಹಾಸಿಗೆಗೂ ಬಂದ ಮೇಲೆ, ಸ್ಟೇಷನ್ನಿಗೆ ನಡೆಯುತ್ತಿದ್ದ ಹತ್ತು ನಿಮಿಷವೂ ಹೋಯಿತು. ಅದನ್ನು ನಾನು ವಿವರಿಸಬೇಕಿಲ್ಲ. ನಮ್ಮವರಿಗೆ ಇದರಲ್ಲಿ ಒಂದು ಹೆಚ್ಚಿನ ಸುಂಕವಿದೆ, ಡಾಕ್ಟರುಗಳು ತಲೆಯಾಡಿಸುತ್ತಿದ್ದೀರಿ. ದಕ್ಷಿಣ ಏಷ್ಯಾ ಮೂಲದವರಿಗೆ ಮಧುಮೇಹ ಇಲ್ಲಿಯ ಬಿಳಿಯರಿಗಿಂತ ಬೇಗ, ಕಡಿಮೆ ತೂಕದಲ್ಲೇ ಬರುತ್ತದೆ. ಅದಕ್ಕೇ ಇಲ್ಲಿನ ಮಾರ್ಗಸೂಚಿ ನಮಗೆ ಬಿಎಂಐ 23ಕ್ಕೇ ಎಚ್ಚರಿಕೆ ಗಂಟೆ ಹೊಡೆಯುತ್ತದೆ, ಉಳಿದವರಿಗೆ 25. ನನ್ನದು ಗಂಟೆ ದಾಟಿ ಬಹಳ ಕಾಲವಾಗಿತ್ತು. ಕೈನೋವಿಗೆಂದು ಹೋದವನ ರಕ್ತಪರೀಕ್ಷೆಯಲ್ಲಿ ಸಕ್ಕರೆಯೂ ಗಡಿಯ ಮೇಲೆ ಸಿಕ್ಕಿತು. ಲೆಕ್ಕಪರಿಶೋಧನೆ ಎಂದರೆ ಹೀಗೇ, ಒಂದು ತಪ್ಪು ಹುಡುಕಲು ಹೋದರೆ ಇನ್ನೊಂದು ಸಿಗುತ್ತದೆ.

ನಾವು ಆಫೀಸಿನಲ್ಲಿ ಮಾಡಿದ್ದು ಸಣ್ಣದು. ಪ್ರಿಂಟರನ್ನು ಮೇಲಿನ ಮಹಡಿಗೆ ಕಳಿಸಿದೆವು. ಗಂಟೆಗೊಮ್ಮೆ ಐದು ನಿಮಿಷ ಯಾರೂ ಕೂರುವಂತಿಲ್ಲ, ಜನವರಿಯಲ್ಲೂ ಇಲ್ಲ, ನಾನೂ ಸೇರಿ. ಕಕ್ಷಿದಾರರು ಕಾಗದಗಳನ್ನು ನವೆಂಬರ್ ಕೊನೆಯೊಳಗೆ ಕೊಡದಿದ್ದರೆ ಶುಲ್ಕ ಹೆಚ್ಚು. ಇದರಿಂದ ಇಬ್ಬರು ಕಕ್ಷಿದಾರರು ಬಿಟ್ಟುಹೋದರು, ಚೀಲದಲ್ಲಿ ರಸೀತಿ ತಂದಿದ್ದವನೂ ಅವರಲ್ಲಿ ಒಬ್ಬ. ಯಾರಾದರೂ ಕೈನೋವು ಎಂದರೆ ಎದ್ದು ಅವರ ಮೇಜಿಗೆ ಹೋಗಿ, ನಿಂತು ನೋಡುತ್ತೇನೆ. ರಾಮತ್ಸೀನಿ ಮಾಡಿದ್ದು ಅಷ್ಟೇ ತಾನೆ. ನನ್ನ ಎಡಗೈ ಪೂರ್ತಿ ಸರಿಹೋಗಿದೆ. ಬಲಗೈ ಮುಕ್ಕಾಲು.

ಆ ಹುಡುಗಿಗೆ ಕಳೆದ ವರ್ಷ ಒಂದು ಪತ್ರ ಬರೆದೆ, ಕೈಯಲ್ಲಿ, ನಿಧಾನವಾಗಿ. ಅಂದು ತಲೆಯೆತ್ತಿ ನೋಡಬೇಕಿತ್ತು, ನೋಡಲಿಲ್ಲ, ಕ್ಷಮಿಸು ಎಂದು. ಅವಳು ಈಗ ಬೇರೊಂದು ಊರಿನಲ್ಲಿ, ಬೇರೆ ಕಡೆ ಕೆಲಸದಲ್ಲಿದ್ದಾಳೆ. ಒಂದು ವಾರ ಬಿಟ್ಟು ಇಮೇಲ್ ಬಂತು, ಎರಡೇ ಸಾಲು. ಕೈ ಈಗ ಪರವಾಗಿಲ್ಲ, ಚಳಿಗೆ ಮಾತ್ರ ನೋಯುತ್ತದೆ ಎಂದು ಒಂದು ಸಾಲು. ಇನ್ನೊಂದರಲ್ಲಿ ಕೇಳಿದ್ದಳು: ಆ ಬಾಡಿಗೆ ಮನೆಯವರ ರಿಟರ್ನು ಆ ವರ್ಷ ಸಮಯಕ್ಕೆ ಸರಿಯಾಗಿ ಹೋಗಿತ್ತಾ, ನನ್ನಿಂದ ಏನಾದರೂ ತಪ್ಪಾಗಿತ್ತಾ?

ಸಮಯಕ್ಕೆ ಹೋಗಿತ್ತು, ಒಂದು ಪೆನ್ನಿಯ ತಪ್ಪೂ ಇರಲಿಲ್ಲ ಎಂದು ಉತ್ತರ ಬರೆದೆ.

ಇಷ್ಟು ಹೊತ್ತು ಕೂತು ಕೇಳಿದ್ದೀರಿ. ದಯವಿಟ್ಟು ಎಲ್ಲರೂ ಎದ್ದೇಳಿ, ಊಟ ಸಿದ್ಧವಾಗಿದೆಯಂತೆ.